ಆರನೇ ತರಗತಿಯ ಬಟ್ಟೆ ಕ್ಲಿಪ್ಪುಗಳು

ಜುಲೈ 3, ಗುರುವಾರ

ಕೆಲಸ ಸಿಕ್ಕಿತು, ನನಗೆ ಕೆಲಸ ಸಿಕ್ಕಿತು, ಸೋಮವಾರದಿಂದ ನಾನು ಆರನೇ ತರಗತಿಯ ಕ್ಲಾಸ್ ಟೀಚರ್. ಮದುವೆಯಾಗಿ ಸಾಗರಕ್ಕೆ ಬಂದು ಎರಡು ತಿಂಗಳಾಗಿಲ್ಲ, ಬೀರುವಿನಲ್ಲಿ ಅರ್ಧ ಸೀರೆಗಳ ಮಡಿಕೆಯನ್ನೇ ಬಿಚ್ಚಿಲ್ಲ, ಅಷ್ಟರಲ್ಲಿ ಕೆಲಸ. ಮೊದಲಿದ್ದ ಟೀಚರ್ ಹೆರಿಗೆಗೆ ಹೋದರಂತೆ. ಹೆಡ್‌ಮಾಸ್ಟರ್ ಸೀತಾರಾಮಪ್ಪನವರು ನನ್ನ ಬಿ.ಎಡ್. ಸರ್ಟಿಫಿಕೇಟ್ ನೋಡಿದ್ದಕ್ಕಿಂತ ನನ್ನ ಇಂಗ್ಲಿಷ್ ಕೇಳಿಯೇ ಒಪ್ಪಿಕೊಂಡರು ಅನಿಸುತ್ತದೆ. ಗೌತಮ್ ಹೊಸನಗರದ ಪಶು ಆಸ್ಪತ್ರೆಯಿಂದ ಬರುವಾಗ ಮೈಸೂರು ಪಾಕ್ ತಂದ. "ಮೈಸೂರಿನವಳಿಗೆ ಹೊಸನಗರದ ಮೈಸೂರು ಪಾಕ್ ತಿನ್ನಿಸ್ತಾ ಇದೀನಿ, ಕೇಸ್ ಹಾಕ್ಬೇಡ ಮಾರಾಯ್ತಿ" ಅಂದ. ಇವನ ಮೇಲೆ ನನಗೆಷ್ಟು ಪ್ರೀತಿ ಅಂತ ಬರೆಯಲು ಕೂತರೆ ಈ ಪುಸ್ತಕ ಸಾಲದು.

ಅತ್ತೆಗೆ ತೀರ್ಥಹಳ್ಳಿಗೆ ಫೋನ್ ಮಾಡಿದೆ. ಖುಷಿಪಡಲಿಲ್ಲ. "ಆಷಾಢ ಮಾರಾಯ್ತಿ. ಹೊಸ ಮದುಮಗಳು ಆಷಾಢದಲ್ಲಿ ಅಪ್ಪನ ಮನೇಲಿರೋದು. ಊರಿಗೆಲ್ಲ ಗೊತ್ತಿರೋದನ್ನ ನಿಂಗೆ ಹೇಳ್ಕೊಡ್ಬೇಕಾ?"

"ಅತ್ತೆ, ಅತ್ತೆ ಸೊಸೆ ಒಂದೇ ಬಾಗಿಲು ದಾಟಬಾರದು ಅಂತ ತಾನೇ? ನೀವು ತೀರ್ಥಹಳ್ಳೀಲಿ, ನಾನು ಸಾಗರದಲ್ಲಿ."

"ನಿನ್ನ ಗಂಡ ಎಲ್ಲಿದಾನೆ?" ಎಂದು ಕೇಳಿ ಫೋನ್ ಇಟ್ಟರು.

ಇರಲಿ. ಇವತ್ತು ಯಾರೂ ನನ್ನ ಸಂತೋಷಕ್ಕೆ ನೀರು ಹಾಕಲಾರರು.

ಜುಲೈ 7, ಸೋಮವಾರ

ಮೊದಲ ದಿನ. ಮೂವತ್ತೆಂಟು ಮಕ್ಕಳು, ಒಬ್ಬರಿಗಿಂತ ಒಬ್ಬರು ಮುದ್ದು. ಅಂದರೆ ಸ್ವಲ್ಪ ಹೊತ್ತು ಮುದ್ದು. ಆಮೇಲೆ ಇಬ್ಬರು ಬೆಂಚಿನ ಕೆಳಗೆ ಹೋದರು, ಒಬ್ಬ ಇನ್ನೊಬ್ಬನ ಟೈ ಹಿಡಿದು ಎಳೆದ, ಹಿಂದಿನ ಸಾಲಿನಿಂದ ಯಾರೋ ನನ್ನ 'ಗುಡ್ ಮಾರ್ನಿಂಗ್' ಅನ್ನು ನನ್ನದೇ ರಾಗದಲ್ಲಿ ನನಗೇ ವಾಪಸ್ ಹೇಳಿದರು. ಗದ್ದಲ ಕೇಳಿ ಪಕ್ಕದ ಕ್ಲಾಸಿನ ಹೇಮಾವತಿ ಮಿಸ್ ಬಾಗಿಲಿಗೆ ಬಂದು ನಿಂತರು. ಗಣಿತದವರು, ಶಾಲೆಯ ಕಟ್ಟಡಕ್ಕಿಂತ ಹಳಬರು. ಒಂದು ಮಾತೂ ಆಡದೆ ತೋರುಬೆರಳನ್ನು ತಮ್ಮ ತುಟಿಯ ಮೇಲಿಟ್ಟರು. ಇಡೀ ತರಗತಿಯ ಬೆರಳುಗಳು ತುಟಿಗೆ ಹೋದವು.

"ಇಷ್ಟೇ ಇರೋದು" ಅಂದರು ನನಗೆ, ಮಕ್ಕಳ ಎದುರಿಗೇ. "ಬಿ.ಎಡ್.ನಲ್ಲಿ ಹೇಳ್ಕೊಡಲ್ಲ."

ಈ ಹೆಂಗಸನ್ನು ನಾನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಬೆರಳಿಟ್ಟರೆ ಸುಮ್ಮನಾಗುತ್ತಾರೆ, ಸರಿ. ಬೆರಳು ತೆಗೆದ ಮೇಲೆ? ಮಕ್ಕಳು ತಮ್ಮನ್ನು ತಾವೇ ಹಿಡಿತದಲ್ಲಿಟ್ಟುಕೊಳ್ಳುವುದನ್ನು ಕಲಿಯಬೇಕು. ಎದ್ದು ನಿಂತು ನಾಲ್ಕು ಮಾತಾಡುವ ಧೈರ್ಯ ಬರಬೇಕು. ಹೆದರಿಸಿ ಬಾಯಿ ಮುಚ್ಚಿಸುವುದು ಯಾರಿಗೆ ಬರುವುದಿಲ್ಲ. ತೋರಿಸುತ್ತೇನೆ ಇವರಿಗೆ.

ಜುಲೈ 10, ಗುರುವಾರ

ನನಗೆ ಎಂಥ ಯೋಚನೆ ಬಂದಿದೆ! ಒಂದು ವಿಡಿಯೊದಲ್ಲಿ ನೋಡಿದ್ದು. ಗೋಡೆಗೆ ಉದ್ದನೆಯ ರಟ್ಟು: ಮೇಲೆ ಹಸಿರು ಪಟ್ಟಿ, ನಡುವೆ ಹಳದಿ, ಕೆಳಗೆ ಕೆಂಪು. ಪ್ರತಿ ಮಗುವಿಗೂ ಅದರ ಹೆಸರು ಬರೆದ ಒಂದು ಬಟ್ಟೆ ಕ್ಲಿಪ್. ಸೋಮವಾರ ಬೆಳಿಗ್ಗೆ ಎಲ್ಲರೂ ಹಳದಿಯಲ್ಲಿ. ಚೆನ್ನಾಗಿ ನಡೆದುಕೊಂಡರೆ ಕ್ಲಿಪ್ ಹಸಿರಿಗೆ, ಇಲ್ಲದಿದ್ದರೆ ಕೆಂಪಿಗೆ. ಹೊಡೆತವಿಲ್ಲ, ಬೈಗುಳವಿಲ್ಲ, ಬಣ್ಣ ಅಷ್ಟೇ. ತನ್ನನ್ನು ತಾನು ಎಲ್ಲಿ ಇಟ್ಟುಕೊಳ್ಳಬೇಕೆಂದು ಮಗುವೇ ತೀರ್ಮಾನಿಸುತ್ತದೆ. ಮದುವೆಗೆ ಚಿಕ್ಕಮ್ಮ ಕೊಟ್ಟ ಮರದ ಕ್ಲಿಪ್ಪುಗಳ ಡಬ್ಬಿಯನ್ನೇ ತೆಗೆದುಕೊಂಡು ಹೋದೆ. ಗೌತಮ್ ಕೂತು ಅರ್ಧ ಹೆಸರು ಬರೆದುಕೊಟ್ಟ. ಅವನ ಅಕ್ಷರ ದನದ ಔಷಧಿ ಚೀಟಿಯ ಹಾಗಿದೆ, ಆದರೂ ಬಂಗಾರ.

ಜುಲೈ 12, ಶನಿವಾರ

ಚಾರ್ಟಿನ ಫೋಟೊವನ್ನು ಪೋಷಕರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಹೃದಯಗಳು, ಚಪ್ಪಾಳೆಗಳು, ಹೂಗುಚ್ಛಗಳು. "ನೈಸ್ ವರ್ಕ್ ಮಿಸ್", "ಇಂಥಾ ಟೀಚರ್ ಬೇಕಿತ್ತು". ಹೆಡ್‌ಮಾಸ್ಟರ್ ಕೂಡ ಒಂದು ಹೆಬ್ಬೆರಳು ಕಳಿಸಿದರು. ಇನ್ನು ಮೇಲೆ ಪ್ರತಿ ಶನಿವಾರ ಹಾಕುತ್ತೇನೆ.

ಹೇಮಾವತಿ ಮಿಸ್ ಸ್ಟಾಫ್‌ರೂಮಿನಲ್ಲಿ ಕಾಫಿ ಊದುತ್ತಾ, "ಚಂದ ಇದೆ. ನಂ ಕಾಲದಲ್ಲಿ ಬೋರ್ಡ್ ಮೇಲೆ ಹೆಸರು ಬರೆದು ಸಂಜೆ ಅಳಿಸ್ತಿದ್ವಿ" ಅಂದರು. ಹೊಟ್ಟೆಕಿಚ್ಚಿಗೆ ಇಷ್ಟು ಸಕ್ಕರೆ ಹಾಕಿ ಬಡಿಸುವುದನ್ನು ನಾನು ಈವರೆಗೆ ನೋಡಿರಲಿಲ್ಲ.

ಜುಲೈ 17, ಗುರುವಾರ

ಲಿಖಿತಾ ಅಂತ ಒಬ್ಬಳಿದ್ದಾಳೆ. ಅಪ್ಪ ರಾಜೇಂದ್ರ ಬಸ್ ಸ್ಟ್ಯಾಂಡಿನಲ್ಲಿ ಗೂಡ್ಸ್ ಆಟೊ ಇಟ್ಟಿದ್ದಾನೆ, ಅಮ್ಮ ಮೈಸೂರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ, ಹುಡುಗಿ ಇಲ್ಲಿ ಅಜ್ಜಿಯ ಜೊತೆ. ಕೇಳದಿರುವಾಗ ಉತ್ತರ ಕೂಗುತ್ತಾಳೆ. ಕೇಳಿದರೆ ಎದ್ದು ನಿಂತು ಸ್ಕರ್ಟಿನ ತುದಿ ತಿರುಚುತ್ತಾಳೆ. ಇವತ್ತು ಇಂಗ್ಲಿಷ್ ಪಾಠ ಓದಲು ನಿಲ್ಲಿಸಿದೆ. ಎರಡನೇ ಪದಕ್ಕೇ ತಡವರಿಸಿದಳು, ಹಿಂದಿನಿಂದ ನಗು. ಇವಳು ಬೆಂಚನ್ನು ಒದ್ದಳು.

ಕ್ಲಿಪ್ ಕೆಂಪಿಗೆ ಇಳಿಸಿದೆ.

"ನಾನು ಓದ್ತಿದ್ದೆ ಮಿಸ್. ಅವ್ರು ನಕ್ರು."

"ಯಾರು ನಕ್ಕಿದ್ದು ಹೇಳು, ಅವರದ್ದೂ ಇಳಿಸ್ತೀನಿ."

ಅವಳಿಗೆ ಬೆನ್ನಿನ ಹಿಂದೆ ಕಣ್ಣಿಲ್ಲವಲ್ಲ, ಹೇಳಲಾಗಲಿಲ್ಲ. ಹಾಗಾಗಿ ಅವಳದೊಂದೇ ಇಳಿಯಿತು. ನಿಯಮ ಅಂದರೆ ನಿಯಮ. ನ್ಯಾಯವಾಗಿಯೇ ಇದ್ದೆ ಅಂದುಕೊಂಡಿದ್ದೇನೆ.

ಜುಲೈ 28, ಸೋಮವಾರ

ಗೇಟಿನಲ್ಲಿ ರಾಜೇಂದ್ರ ಕಾದಿದ್ದ. ನಮಸ್ಕಾರವಿಲ್ಲ, ಏನಿಲ್ಲ.

"ಮಿಸ್, ಸ್ಟ್ಯಾಂಡಲ್ಲಿ ನಮ್ ಹುಡುಗ್ರು ಕೇಳ್ತಾರೆ, ಎಂತ ರಾಜೇಂದ್ರ, ನಿನ್ ಮಗಳಿಗೆ ಈ ವಾರನೂ ಸಿಗ್ನಲ್ ಬಿಟ್ಟಿಲ್ವಾ ಅಂತ. ಅವ್ರ ಮಕ್ಕಳೂ ಅದೇ ಗ್ರೂಪಲ್ಲಿದಾವಲ್ಲ. ನಮ್ಮಮ್ಮಂಗೆ ಓದಕ್ಕೆ ಬರಲ್ಲ, ಆದ್ರೆ ಕೆಂಪು ಕಾಣ್ತದೆ. ಅಷ್ಟುದ್ದ ಕೆಂಪಲ್ಲಿ ಒಂದೇ ಒಂದು ಕ್ಲಿಪ್ಪು."

"ಮನೆಯಲ್ಲಿ ಸ್ವಲ್ಪ ತಿಳಿಹೇಳಿ" ಅಂದೆ.

"ಹೇಳಿದೀನಿ" ಅಂದ.

ಹೇಗೆ ಹೇಳಿದ್ದಾನೆಂದು ಕ್ಲಾಸಿಗೆ ಹೋದ ಮೇಲೆ ಕಂಡಿತು. ಮೊಣಕಾಲಿನ ಕೆಳಗೆ ಕೋಲಿನ ಬರೆ. ನಾನೇನು ಹೊಡೆಯಲು ಹೇಳಿದ್ದೆನೇ? ನನ್ನ ಚಾರ್ಟಿನಲ್ಲಿ ಹೊಡೆತವೇ ಇಲ್ಲ. ಇಂಥ ಮನೆಗಳಿಂದ ಬಂದರೆ ಟೀಚರ್ ಆದವಳು ಏನು ಮಾಡಲು ಸಾಧ್ಯ. ಮಕ್ಕಳು ಅವಳನ್ನು ಕೆಂಪಿ ಅಂತ ಕರೆಯಲು ಶುರುಮಾಡಿದ್ದಾರೆ. ಹಾಗೆ ಕರೆದ ಕಿರಣ್‌ನ ಕ್ಲಿಪ್ಪನ್ನು ಒಮ್ಮೆ ಇಳಿಸಿದೆ. ಸಂಜೆಗೆ ಬೋರ್ಡ್ ಒರೆಸಿ ಮತ್ತೆ ಮೇಲೆ ಬಂದ. ನೋಡಿ, ತಿದ್ದಿಕೊಳ್ಳುವವರು ತಿದ್ದಿಕೊಳ್ಳುತ್ತಾರೆ.

ಆಗಸ್ಟ್ 5, ಮಂಗಳವಾರ

ಊಟದ ಬಿಡುವಿನಲ್ಲಿ ಆ ಹುಡುಗಿ ಅಷ್ಟೂ ಕ್ಲಿಪ್ಪುಗಳನ್ನು ಕಿತ್ತು ಕಿಟಕಿಯಿಂದ ಚರಂಡಿಗೆ ಎಸೆದಳು. ನಾನು ಕೂಗಿದ ಕೂಗು ನನಗೇ ನೆನಪಿಲ್ಲ. ದರಿದ್ರದವಳೇ ಅಂದೆ ಅನಿಸುತ್ತದೆ. ಇನ್ನೂ ಏನೇನೋ. ತಿರುಗಿ ನೋಡಿದರೆ ಬಾಗಿಲಲ್ಲಿ ಹೇಮಾವತಿ ಮಿಸ್, ತುಟಿಯ ಮೇಲೆ ಬೆರಳು. ಅವರು ಮಕ್ಕಳ ಕಡೆ ನೋಡುತ್ತಿರಲಿಲ್ಲ.

ಸ್ಟಾಫ್‌ರೂಮಿನಲ್ಲಿ ಎಲ್ಲರ ಎದುರು ಅವರಿಗೆ ಹೇಳಿದೆ: "ನನ್ನ ಕ್ಲಾಸಿನ ಬಾಗಿಲಿಗೆ ನೀವು ಬರಬೇಡಿ."

"ಬರಲ್ಲಮ್ಮ. ನಿಮ್ಮ ಧ್ವನಿಗೆ ಹೇಳಿ, ಅದೂ ನನ್ನ ಕ್ಲಾಸಿಗೆ ಬರ್ಬಾರ್ದು."

ಮಿಕ್ಕವರು ಟಿಫಿನ್ ಡಬ್ಬಿಯೊಳಗೆ ಮುಖವಿಟ್ಟು ನಕ್ಕರು. ಪೇಟೆಯಿಂದ ಪ್ಲಾಸ್ಟಿಕ್ ಕ್ಲಿಪ್ಪು ತಂದು ಮತ್ತೆ ಹೆಸರು ಬರೆದೆ. ಒಬ್ಬಳೇ.

ಆಗಸ್ಟ್ 12, ಮಂಗಳವಾರ

ಲಿಖಿತಾ ಕೈವಾರದಿಂದ ಕಿರಣ್‌ನ ಕೆನ್ನೆಗೆ ಗೀರಿದಳು. ಕಣ್ಣಿನ ಕೆಳಗೆ, ಸ್ವಲ್ಪದರಲ್ಲಿ ಉಳಿಯಿತು. ಹೊಲಿಗೆ ಬಿದ್ದಿದೆ. ಅವನ ಅಮ್ಮ ಆಸ್ಪತ್ರೆಯ ಬಾಗಿಲಲ್ಲಿ ನನಗೆ ಅಂದದ್ದನ್ನು ಬರೆಯುವುದಿಲ್ಲ. ಹೆಡ್‌ಮಾಸ್ಟರ್ "ಟಿ.ಸಿ. ಕೊಟ್ಟು ಕಳಿಸೋಣ" ಅಂದರು. ನಾನು ಬೇಡ ಅನ್ನಲಿಲ್ಲ.

ಆಗಸ್ಟ್ 14, ಗುರುವಾರ

ರಾಜೇಂದ್ರನೇ ಟಿ.ಸಿ.ಗೆ ಅರ್ಜಿ ಕೊಟ್ಟು ಮಗಳನ್ನು ಮೈಸೂರಿಗೆ ತಾಯಿಯ ಹತ್ತಿರ ಕಳಿಸಿದನಂತೆ. ಪೀಡೆ ತೊಲಗಿತು. ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

ಆಗಸ್ಟ್ 21, ಗುರುವಾರ

ಅವಳು ಹೋದ ಮೇಲೆ ತರಗತಿ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ. ಕೆಂಪು ಪಟ್ಟಿ ಖಾಲಿ ಇರುವುದನ್ನು ಇವರಿಗೆ ನೋಡಲಾಗುವುದಿಲ್ಲವೋ ಏನೋ. "ಮಿಸ್, ಇವನು ಕಾಲು ಅಲ್ಲಾಡಿಸ್ತಿದಾನೆ, ಕೆಂಪಿಗೆ ಹಾಕಿ." "ಮಿಸ್, ಅವಳು ಮನಸ್ಸಲ್ಲೇ ಬೈದ್ಲು." ದಿನವಿಡೀ ದೂರು. ಯಾರೂ ಎದ್ದು ಓದುವುದಿಲ್ಲ, ತಪ್ಪಿದರೆ ಕೆಳಗಿಳಿಯುತ್ತಾರಲ್ಲ.

ಮನೆಗೆ ಬಂದರೆ ಗೌತಮ್ ಒದ್ದೆ ಹೆಲ್ಮೆಟನ್ನು ನಾನು ತಿದ್ದಿಟ್ಟ ಟೆಸ್ಟ್ ಪೇಪರುಗಳ ಮೇಲೆ ಇಟ್ಟಿದ್ದ. ಕೂಗಿದೆ. ಅವನು ಎದ್ದು, ಉಳಿದ ಕೆಂಪು ಕಾಗದದ ತುಂಡನ್ನು ಫ್ರಿಜ್ಜಿಗೆ ಅಂಟಿಸಿ, ಒಂದು ಕ್ಲಿಪ್ಪಿನ ಮೇಲೆ 'ಚೈತನ್ಯಾ' ಎಂದು ಬರೆದು ಸಿಕ್ಕಿಸಿ, ಫೋಟೊ ತೆಗೆದು ಅವರ ಮನೆಯ ಗ್ರೂಪಿಗೆ ಹಾಕಿದ: 'ಸಾಗರದ ಇಂದಿನ ಹವಾಮಾನ'.

"ತಮಾಷೆ ಕಣೇ" ಅಂದ. ಅವನ ಜೊತೆ ಮಾತಾಡುತ್ತಿಲ್ಲ.

ಆಗಸ್ಟ್ 26, ಮಂಗಳವಾರ, ತೀರ್ಥಹಳ್ಳಿ

ಮೊದಲ ಗೌರಿ ಹಬ್ಬ. ಅಮ್ಮ ಮೈಸೂರಿನಿಂದ ಬಾಗಿನ ಕಳಿಸಿದ್ದಳು. ಹೊಸ ಸೊಸೆ ಅಂತ ಕೆಂಪು ರೇಷ್ಮೆ ಉಡಿಸಿದರು, ಅದೇ ತಪ್ಪಾಯಿತು. ಬಂದವರೆಲ್ಲ ಗ್ರೂಪಿನ ಫೋಟೊ ನೋಡಿದವರೇ.

"ಎಂತ ಚೈತನ್ಯಾ, ಸೀರೆಗೂ ಅದೇ ಬಣ್ಣ?" ಎಂದು ಗೌತಮ್‌ನ ಸೋದರತ್ತೆ. "ಇವತ್ತು ಎಷ್ಟು ಡಿಗ್ರಿ ಮಾರಾಯ್ತಿ?" ಎಂದು ಅವನ ದೊಡ್ಡಪ್ಪ. ನಾನು ನಕ್ಕೆ. ಮತ್ತೊಬ್ಬರು ಬಂದು ಅದನ್ನೇ ಕೇಳಿದರು, ಆಗಲೂ ನಕ್ಕೆ. ಬಡಿಸಲು ಬಗ್ಗಿದಾಗಲೆಲ್ಲ ಯಾರೋ ಯಾರದೋ ಮೊಣಕೈ ತಿವಿಯುತ್ತಿದ್ದರು. ಪಾಯಸ ಬಡಿಸುವಾಗ ಪಂಕ್ತಿಯ ಕೊನೆಯಿಂದ "ಹುಷಾರು, ಕೆಂಪು ಬಂತು" ಅಂತ ಕೇಳಿಸಿತು. ಸೌಟನ್ನು ಪಾತ್ರೆಗೆ ಎತ್ತಿ ಹಾಕಿದೆ. ಪಾಯಸ ಸೋದರತ್ತೆಯ ಸೀರೆಗೆ ಸಿಡಿಯಿತು. ಎಲ್ಲರೂ ನಕ್ಕರು, ನೋಡಿ ನಾವು ಹೇಳಲಿಲ್ಲವೇ ಅನ್ನುವ ಹಾಗೆ.

ಅತ್ತೆ ಒಳಗೆ ಕರೆದು, "ಸ್ವಲ್ಪ ತಡ್ಕೊಳ್ಳೋಕೆ ಕಲೀಬೇಕು. ಮಕ್ಕಳಿಗೆ ಪಾಠ ಹೇಳೋಳು" ಅಂದರು.

ಅವರು ಕೆಂಪು ಅಂದ ಮೇಲೆ ನಾನು ಸೌಟು ಎತ್ತಿ ಹಾಕಿದ್ದು. ಮೊದಲಲ್ಲ. ಆಮೇಲೆ. ಇದನ್ನು ಯಾರೂ ಕೇಳಲಿಲ್ಲ. ಗೌತಮ್ ಕೂಡ ಬಾಳೆಲೆ ನೋಡಿಕೊಂಡು ನಗುತ್ತಿದ್ದ. ಹಿತ್ತಿಲಿಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆಯುತ್ತಾ ನಿಂತೆ. ಬಹಳ ಹೊತ್ತು ನಿಂತೆ. ಯಾರೂ ಹಿಂದೆ ಬರಲಿಲ್ಲ, ಸದ್ಯ. ಆಮೇಲೆ ಒಳಗೆ ಹೋಗಿ ಮಜ್ಜಿಗೆ ಬಡಿಸಿದೆ.

ಆಗಸ್ಟ್ 28, ಗುರುವಾರ

ಚಾರ್ಟ್ ತೆಗೆದೆ. ಈ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಮನೆಯೊಳಗೆ ಹಗ್ಗ ಕಟ್ಟಿದ್ದೇವೆ, ಕ್ಲಿಪ್ಪು ಸಾಲುತ್ತಿಲ್ಲ.

"ಈಗ ನಾವು ಯಾವ ಬಣ್ಣ ಮಿಸ್?" ಅಂತ ಕಿರಣ್ ಕೇಳಿದ. ಯಾವ ಬಣ್ಣವೂ ಅಲ್ಲ ಅಂದೆ. ಹೆದರಿದವರ ಹಾಗೆ ನೋಡಿದರು.

ಸೆಪ್ಟೆಂಬರ್ 2, ಮಂಗಳವಾರ

ಒಂದು ಹೊಸ ನಿಯಮ ಹೇಳಿದ್ದೇನೆ. ಸಿಟ್ಟು ಬಂದರೆ, ಅಳು ಬಂದರೆ, ತಲೆ ಕೆಟ್ಟರೆ ಎದ್ದು ಹೊರಗಿನ ಜಗಲಿಗೆ ಹೋಗಬಹುದು. ನನ್ನನ್ನು ಕೇಳಬೇಕಾಗಿಲ್ಲ. ಸರಿಯಾದ ಮೇಲೆ ಒಳಗೆ ಬರಬಹುದು. ಎಲ್ಲಿಗೆ, ಯಾಕೆ ಅಂತ ನಾನೂ ಕೇಳುವುದಿಲ್ಲ, ಬೇರೆಯವರೂ ಕೇಳಬಾರದು.

ನಿನ್ನೆ ಅರ್ಧ ಕ್ಲಾಸಿಗೆ ಸಿಟ್ಟು ಬಂತು. ಜಗಲಿಯಲ್ಲಿ ಕಬಡ್ಡಿ. ಹೇಮಾವತಿ ಮಿಸ್ ಹೆಡ್‌ಮಾಸ್ಟರ್ ಹತ್ತಿರ ದೂರು ಕೊಟ್ಟರು. ಇವತ್ತು ಸ್ವಲ್ಪ ಕಡಿಮೆ ಮಕ್ಕಳಿಗೆ ಸಿಟ್ಟು ಬಂತು; ಒಳಗೆ ಕಥೆ ಓದುತ್ತಿದ್ದೆ, ಹೊರಗಿದ್ದವರಿಗೆ ಅರ್ಧ ತಪ್ಪಿತು. ಕೊನೆಯ ಪೀರಿಯಡ್‌ನಲ್ಲಿ ಮಕ್ಕಳು ಇಂಗ್ಲಿಷ್ ವ್ಯಾಕರಣಕ್ಕೆ ಕಿರುಚುತ್ತಿದ್ದಾಗ ನಾನೇ ಪುಸ್ತಕ ಮುಚ್ಚಿಟ್ಟು ಜಗಲಿಗೆ ಹೋದೆ. ಮಳೆ ನೀರಿನ ಪೈಪಿನ ಪಕ್ಕ ಸ್ವಲ್ಪ ನಿಂತು ಒಳಗೆ ಬಂದೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. "ಮಿಸ್‌ಗೂ ಬರುತ್ತಾ?" ಎಂದು ಯಾರೋ ಪಿಸುಗುಟ್ಟಿದರು. ಆಮೇಲೆ ಪಾಠ ನಡೆಯಿತು. ಅಷ್ಟೇ, ವಿಶೇಷವೇನಿಲ್ಲ.

ಸೆಪ್ಟೆಂಬರ್ 4, ಗುರುವಾರ

ಮುಂದಿನ ವಾರ ಟಿ.ಸಿ.ಗೆ ಸಹಿ ಹಾಕುತ್ತೇನೆ ಅಂದರು ಹೆಡ್‌ಮಾಸ್ಟರ್. ಮೈಸೂರಿನಲ್ಲಿ ವರ್ಷದ ನಡುವೆ ಯಾವ ಶಾಲೆಯೂ ಅವಳನ್ನು ತೆಗೆದುಕೊಳ್ಳುತ್ತಿಲ್ಲವಂತೆ. ತಾಯಿ ಇರುವುದು ಹಾಸ್ಟೆಲ್ಲಿನಲ್ಲಿ, ಅಲ್ಲಿ ಮಕ್ಕಳನ್ನು ಹೆಚ್ಚು ದಿನ ಇಟ್ಟುಕೊಳ್ಳುವ ಹಾಗಿಲ್ಲ. ಸಹಿ ಬಿದ್ದರೆ ಈ ವರ್ಷ ಆ ಹುಡುಗಿಗೆ ಶಾಲೆ ಇಲ್ಲ.

ಸಂಜೆ ಅವರ ಮನೆಗೆ ಹೋದೆ. ಅಜ್ಜಿ ಶೇಷಮ್ಮ ಹೊಸ್ತಿಲಲ್ಲಿ ಕೂತಿದ್ದರು. ಈ ಕಡೆ ಮನೆಗೆ ಶತ್ರು ಬಂದರೂ ಬೆಲ್ಲ ನೀರು ಕೊಡುತ್ತಾರೆಂದು ಗೌತಮ್ ಹೇಳಿದ್ದ. ನನಗೆ ಚಾಪೆಯೂ ಬರಲಿಲ್ಲ.

"ನೀವಾ ಬಣ್ಣದ ಟೀಚರು?"

"ಹೌದಜ್ಜಿ. ಲಿಖಿತಾನ ವಾಪಸ್ ಕರೆಸಿ. ಆ ಚಾರ್ಟ್ ತೆಗೆದಿದೀನಿ."

"ಈಗ ಕೆಂಪಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಹಂಗಾರೆ ನನ್ ಮೊಮ್ಮಗಳೇ ಕಡೆಯೋಳು" ಅಂದರು. "ಅವ್ಳನ್ನ ಅಲ್ಲೇ ಬಿಟ್ಟು ತೆಗ್ದು ಇಟ್ರಾ?"

ಒಳಗಿನಿಂದ ರಾಜೇಂದ್ರ ಬಂದ. ತಾಯಿಯ ನಂಬರ್ ಕೇಳಿದೆ.

"ಕೊಡಲ್ಲ. ನಿಮ್ ಕೈಗೆ ಫೋನ್ ಸಿಕ್ಕಿದ್ದೇ ಸಾಕಾಗಿದೆ ನಮಗೆ."

"ನನ್ನ ನಂಬರಾದರೂ ಅವರಿಗೆ ಕೊಡಿ. ಬೈಯಬೇಕು ಅನಿಸಿದರೂ ಮಾಡಲಿ."

"ಅದಕ್ಕೇ ಮಾಡ್ತಾಳೆ" ಅಂದ. ತೆಗೆದುಕೊಂಡನೋ ಇಲ್ಲವೋ ಗೊತ್ತಾಗಲಿಲ್ಲ. ನಾಯಿ ರಸ್ತೆಯವರೆಗೂ ಬೊಗಳುತ್ತಾ ಬಂತು.

ಸೆಪ್ಟೆಂಬರ್ 9, ಮಂಗಳವಾರ

ಹೆಡ್‌ಮಾಸ್ಟರ್ ಕೋಣೆಯಲ್ಲಿ ಸಭೆ, ಲಿಖಿತಾಳನ್ನು ವಾಪಸ್ ಸೇರಿಸಬೇಕೆಂದು ನಾನು ಕೇಳಿದ್ದಕ್ಕೆ. ಕಿರಣ್, ಅವನ ಅಮ್ಮ, ಹೇಮಾವತಿ ಮಿಸ್, ನಾನು. ಶನಿವಾರದ ಫೋಟೊ ನಿಲ್ಲಿಸಿದ್ದಕ್ಕೆ ಪೋಷಕರ ಸಿಟ್ಟು ಬೇರೆ: ತಮ್ಮ ಮಗು ಹಸಿರಿನಲ್ಲಿದೆ ಎಂದು ಇನ್ನು ಹೇಗೆ ಗೊತ್ತಾಗಬೇಕು ಅವರಿಗೆ.

ಕಿರಣ್‌ನ ಅಮ್ಮ ಅವನ ಗಲ್ಲ ಹಿಡಿದು ಗಾಯ ತೋರಿಸಿದರು. "ಅವಳು ಬಂದ್ರೆ ನನ್ನ ಮಗ ಬರಲ್ಲ. ಈ ಮಿಸ್‌ಗೆ ಕ್ಲಾಸು ಹಿಡಿಯೋಕೂ ಬರಲ್ಲ, ಬಿಡೋಕೂ ಬರಲ್ಲ. ಮಕ್ಕಳನ್ನ ದನದ ಹಾಗೆ ಹೊರಗೆ ಬಿಡ್ತಾರೆ. ಗಂಡ ದನದ ಡಾಕ್ಟ್ರಲ್ವಾ."

ನಾನು ಮೇಜಿನ ಮೇಲಿದ್ದ ಅರ್ಜಿಯಲ್ಲಿ ಲಿಖಿತಾಳ ಹೆಸರು ಓದಿದೆ.

ಕಿರಣ್ ಇದ್ದಕ್ಕಿದ್ದಂತೆ ಎದ್ದು ಬಾಗಿಲ ಕಡೆ ನಡೆದ. "ಎಲ್ಲಿಗೋ?" ಎಂದು ಅಮ್ಮ ಶರ್ಟು ಹಿಡಿದರು.

"ಬಿಡಿ ಅವನನ್ನ" ಅಂದರು ಹೇಮಾವತಿ ಮಿಸ್, ಕಿಟಕಿಯ ಕಡೆ ನೋಡುತ್ತಾ. "ಬರ್ತಾನೆ. ಈಗ ಹಿಂಗೇ ಅಂತೆ ಪದ್ಧತಿ. ನನ್ನ ಕ್ಲಾಸಿಂದಾನೂ ಇಬ್ಬರು ನಿನ್ನೆ ಎದ್ದು ಹೋದ್ರು, ಯಾರ ಪುಣ್ಯವೋ. ಬಂದು ಲೆಕ್ಕ ಮಾಡಿದ್ರು."

ನಾವು ನಾಲ್ವರೂ ದೊಡ್ಡವರು, ಒಬ್ಬರ ಮುಖ ಒಬ್ಬರು ನೋಡದೆ ಕಾದೆವು. ಹುಡುಗ ಜಗಲಿಯಲ್ಲಿ ಪೈಪಿನ ನೀರಿಗೆ ಕೈಯೊಡ್ಡಿ ನಿಂತಿದ್ದ. ಒಳಗೆ ಬಂದವನು ಕೂರಲಿಲ್ಲ. ಹೆಡ್‌ಮಾಸ್ಟರ್ ಮೇಜಿನ ಅಂಚು ಹಿಡಿದುಕೊಂಡು ಹೇಳಿದ: "ಸರ್, ನಾನು ಅವಳನ್ನ ಕೆಂಪಿ ಅಂತಿದ್ದೆ. ದಿನಾ. ಅವತ್ತು ಅವಳ ಅಮ್ಮಂಗೂ ಸೇರಿಸಿ ಅಂದೆ. ಆಮೇಲೆ ಗೀರಿದ್ಲು."

ಅವನ ಅಮ್ಮ ಕೈ ಎತ್ತಿದರು. ಮತ್ತೆ, ಏನನಿಸಿತೋ, ಇಳಿಸಿ ಚೀಲದ ಜಿಪ್ ಎಳೆದುಕೊಂಡರು.

ಸೀತಾರಾಮಪ್ಪನವರು ಟಿ.ಸಿ. ಅರ್ಜಿಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು. "ಸೋಮವಾರದೊಳಗೆ ಆ ಹುಡುಗಿ ಬಂದು ಕೂತ್ರೆ ಇದನ್ನ ಹರೀತೀನಿ. ಬರದಿದ್ರೆ ಸಹಿ. ಬಂದು ಮತ್ತೆ ಯಾರದ್ದಾದ್ರೂ ಮೈಯಲ್ಲಿ ರಕ್ತ ಬಂದ್ರೆ ಅವಳ ಜೊತೆ ನೀವೂ ಹೊರಡಬೇಕಾಗತ್ತೆ. ಆಗ್ಬಹುದಾ?"

"ಆಗಬಹುದು ಸರ್."

ಹೊರಗೆ ಹೇಮಾವತಿ ಮಿಸ್, "ನಿಮ್ಮನ್ನ ನಾನು ಸಮರ್ಥಿಸಿದ್ದೀನಿ ಅಂತ ತಿಳ್ಕೋಬೇಡಿ" ಅಂದರು. ತಿಳಿದುಕೊಂಡಿಲ್ಲ ಅಂದೆ.

ಅಲ್ಲಿಂದಲೇ ರಾಜೇಂದ್ರನನ್ನು ಹುಡುಕಿಕೊಂಡು ಸ್ಟ್ಯಾಂಡಿಗೆ ಹೋದೆ. ಕಿರಣ್ ಹೇಳಿದ್ದನ್ನೂ ಹೆಡ್‌ಮಾಸ್ಟರ್ ಹೇಳಿದ್ದನ್ನೂ ಅವನ ಗೆಳೆಯರ ಎದುರಿಗೇ ಹೇಳಿದೆ. ಅವನು ಆಟೊದ ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. ಆದರೆ ಅವನ ಗೆಳೆಯರು ನಗಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಫೋನ್ ಬರಲಿಲ್ಲ. ಗೌತಮ್ ಫ್ರಿಜ್ಜಿನ ಮೇಲಿನ ಕೆಂಪು ಕಾಗದ ಕಿತ್ತಿದ್ದಾನೆ, ಗ್ರೂಪಿನಲ್ಲಿ 'ಅದು ನನ್ನ ತಪ್ಪು' ಅಂತ ಬರೆದಿದ್ದಾನೆ. ದೊಡ್ಡಪ್ಪ ಅದಕ್ಕೂ ನಗುವ ಮುಖ ಹಾಕಿದ್ದಾರೆ. ಅನ್ನ ಸಾರು ಮಾಡಿದೆ. ಊಟ ಮಾಡಿದೆವು.

ಸೆಪ್ಟೆಂಬರ್ 11, ಗುರುವಾರ

ಬಿಡುವಿನಲ್ಲಿ ಲಿಖಿತಾಳ ತಾಯಿ ದೀಪಶ್ರೀ ಫೋನ್ ಮಾಡಿದರು. ಮೊದಲು ಬೈದರು. ಬೈಯಲು ಬಹಳ ಇತ್ತು. ಮುಗಿಯುವವರೆಗೆ ಕೇಳಿದೆ.

"ಏನಾದ್ರೂ ಹೇಳೋದಿದ್ಯಾ?"

"ಲಿಖಿತಾಗೆ ಕೊಡ್ತೀರಾ?"

ಫೋನ್ ಮಗಳ ಕೈಗೆ ಬಂತು.

"ಮಿಸ್, ನಾನು ಬಂದ್ರೆ ಎಲ್ರೂ ನೋಡ್ತಾರೆ."

"ನೋಡ್ತಾರೆ."

"ನಗ್ತಾರೆ."

"ನಗಬಹುದು."

"ಆಗ ಎಂತ ಮಾಡೋದು?"

"ಎದ್ದು ಜಗಲಿಗೆ ಹೋಗು. ನನ್ನ ಕೇಳೋದು ಬೇಡ. ಸರಿ ಅನಿಸಿದ ಮೇಲೆ ಒಳಗೆ ಬಾ."

"ಸರಿ ಅನ್ಸದೇ ಇದ್ರೆ?"

"ಅಲ್ಲೇ ಇರು. ನಾನು ಪಾಠ ಸ್ವಲ್ಪ ಜೋರಾಗಿ ಓದ್ತೀನಿ."

ಯೋಚಿಸಿದಳು. "ಕಿರಣ್ ಪಕ್ಕ ಕೂರಲ್ಲ."

"ಬೇಡ."

"ನಿಮ್ಮನ್ನ ಕಂಡ್ರೂ ನಂಗಾಗಲ್ಲ ಮಿಸ್."

"ಗೊತ್ತು."

"ಬೆಂಚು ಒದ್ದಿದ್ದ ದಿನ ನಾನು ಆ ಪದ ಓದಿದ್ದೆ. ನಿಮಗೆ ಕೇಳ್ಲಿಲ್ಲ."

"ಬಂದು ಮತ್ತೆ ಓದು."

ಫೋನ್ ತಾಯಿಯ ಕೈಗೆ ಹೋಯಿತು. ನನ್ನ ಮೇಲೆ ಅವರಿಗೆ ನಂಬಿಕೆ ಇಲ್ಲವಂತೆ. ತಾವೂ ಜೊತೆಗೆ ಬಂದು, ಸೋಮವಾರ ಸಂಜೆ ಶಾಲೆ ಬಿಡುವವರೆಗೆ ಗೇಟಿನಲ್ಲಿ ಕೂತು ನೋಡುತ್ತಾರಂತೆ. ಕೂರಲಿ. ಸ್ಟೇಷನ್ನಿಗೆ ಬರುತ್ತೇನೆ ಅಂದೆ. ಬೇಕಾಗಿಲ್ಲ ಅಂದರು, ಆದರೂ ಹೇಳಿದರು: ಶನಿವಾರ ಸಂಜೆ ಮೈಸೂರು ಬಿಡುವ ತಾಳಗುಪ್ಪ ಎಕ್ಸ್‌ಪ್ರೆಸ್, ಭಾನುವಾರ ಬೆಳಿಗ್ಗೆ ಸಾಗರ ಜಂಬಗಾರು.